ಹೆಸರಿಲ್ಲದ ಆಟದ ಪೆಟ್ಟಿಗೆ

ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಿತ್ರರು ಒತ್ತಾಯಪಡಿಸಿದಾಗ ನಾನು ಒಪ್ಪಿಕೊಂಡ ವಿಷಯವೇ ಬೇರೆಯಾಗಿತ್ತು. ‘ಗ್ರಾಮೀಣ ವಿದ್ಯಾರ್ಥಿಯೂ ಉನ್ನತ ಶಿಕ್ಷಣವೂ’ ಎಂದು ತಲೆಬರಹ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಮೂರು ದಿನ ಸುಮ್ಮನೆ ಕುಳಿತಿದ್ದೆ. ಆ ವಿಷಯವನ್ನು ಕುರಿತು ಪ್ರತಿ ವರ್ಷವೂ ಯಾರಾದರೊಬ್ಬರು ಬರೆಯುತ್ತಾರೆ. ಬರೆಯುವವರಿಗೆ ಮನಸ್ಸಿಲ್ಲದಿದ್ದರೂ, ಓದುವವರಿಗೆ ತಾಳ್ಮೆಯಿಲ್ಲದಿದ್ದರೂ ಅದು ಅಚ್ಚಾಗುತ್ತದೆ. ನನಗೆ ಬರೆಯಬೇಕೆಂದು ನಿಜವಾಗಿ ಅನ್ನಿಸುತ್ತಿದ್ದುದು ಬೇರೆಯೊಂದು. ಅದು ಒಂದು ಆಟದ ಪೆಟ್ಟಿಗೆಯ ಸಂಗತಿ. ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ ಬರೆಯತಕ್ಕ ವಿಷಯವೇ ಇದು ಎಂದು ನಮ್ಮ ಗುರುವೃಂದದವರು ಹುಬ್ಬೇರಿಸಿದರೆ, ಅದಕ್ಕೆ ನಾನು ಸಿದ್ಧನಾಗಿಯೇ ಇದ್ದೇನೆ.

ಕಳೆದ ವರ್ಷ ಒಂದು ಸಂಜೆ ಕ್ಯಾಂಟೀನಿನ ಮೆಟ್ಟಿಲುಗಳ ಮೇಲೆ ಕುಳಿತು ಗೆಳೆಯರೆಲ್ಲ ತಮ್ಮ ಚಿಕ್ಕಂದಿನ ಆಟಗಳ ಮಾತೆತ್ತಿದರು. ಒಬ್ಬನ ಮನೆಯಲ್ಲಿ ಪ್ಲೇಸ್ಟೇಷನ್ ಇತ್ತಂತೆ. ಇನ್ನೊಬ್ಬನಿಗೆ ದುಬೈಯಲ್ಲಿದ್ದ ಸೋದರಮಾವ ಮತ್ತೇನನ್ನೋ ತಂದುಕೊಟ್ಟಿದ್ದರಂತೆ. ‘ನಿಮ್ಮನೇಲಿ ಏನಿತ್ತೋ?’ ಎಂದು ನನ್ನನ್ನೂ ಕೇಳಿದರು. ‘ಏನೂ ಇರಲಿಲ್ಲ ಕಣೋ’ ಎಂದೆ.

ಅದು ಸುಳ್ಳು. ನಮ್ಮ ಮನೆಯಲ್ಲಿಯೂ ಒಂದು ಇತ್ತು. ಆದರೆ ಅದಕ್ಕೆ ಹೆಸರಿರಲಿಲ್ಲ. ಮಾರಿದ ಅಂಗಡಿಯವನು ಅದನ್ನು ‘ಟೀವಿ ಗೇಮ್’ ಎಂದಿದ್ದ. ಊರಿನವರೂ ಹಾಗೆಯೇ ಕರೆದರು. ತಿಳಿದವರೆನ್ನಿಸಿಕೊಂಡವರು ‘ಡೂಪ್ಲಿಕೇಟ್’ ಎಂದರು. ಆ ಸಂಜೆ ಆಡಿದ ಸುಳ್ಳಿಗೆ ಪ್ರಾಯಶ್ಚಿತ್ತವೆಂದು ಈ ಲೇಖನವನ್ನು ಓದಿಕೊಂಡರೂ ನನ್ನ ಅಡ್ಡಿಯಿಲ್ಲ. ಆದರೆ ಪ್ರಾಯಶ್ಚಿತ್ತದ ಜೊತೆಗೆ ಒಂದು ವಾದವೂ ಇದೆ. ಲೋಕದ ವಿಡಿಯೋ ಆಟಗಳ ಚರಿತ್ರೆಯನ್ನು ಬರೆಯುವವರು ಈ ಪೆಟ್ಟಿಗೆಯನ್ನು ನಕಲಿ ಮಾಲೆಂದು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ನಾಡಿನ ಸಂಗತಿಗಳನ್ನು ಬರೆಯುವವರು ಮಕ್ಕಳ ಆಟಿಕೆಯೆಂದು ಅಷ್ಟನ್ನೂ ಬರೆಯುವುದಿಲ್ಲ. ಹೀಗಾದರೆ ನಮ್ಮಂತಹ ಮನೆಗಳ ಹೊಸ್ತಿಲನ್ನು ಗಣಕಯಂತ್ರವು ಮೊಟ್ಟಮೊದಲು ಹೇಗೆ ದಾಟಿತು ಎಂಬುದೇ ಎಲ್ಲಿಯೂ ದಾಖಲಾಗದೆ ಹೋಗುತ್ತದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಅಪ್ಪನದು ಕಾಯಿ ಸುಲಿಯುವ ಕೆಲಸ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿಯನ್ನು ಚುಚ್ಚಿ, ತಿರುವಿ, ಮಟ್ಟೆ ಬಿಡಿಸುವುದು. ಸಾವಿರ ಕಾಯಿಗೆ ಇಷ್ಟು ಎಂದು ಕೂಲಿ. ಅಣ್ಣ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವೊಂದರಲ್ಲಿ ಉಳಿದುಕೊಂಡವನು ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಲೇತ್ ವರ್ಕ್‌ಶಾಪಿಗೆ ಸೇರಿದ. 2014ರ ದೀಪಾವಳಿಗೆ ಊರಿಗೆ ಬಂದಾಗ ಅವನ ಬ್ಯಾಗಿನಲ್ಲಿ ಅವ್ವನಿಗೊಂದು ಸೀರೆ, ಅಪ್ಪನಿಗೊಂದು ಟವೆಲ್ಲು, ನನಗೆಂದು ಒಂದು ರಟ್ಟಿನ ಡಬ್ಬಿ. ಡಬ್ಬಿಯ ಮೇಲೆ ಬಂದೂಕು ಹಿಡಿದ ಸೈನಿಕನೂ ಬೆಂಕಿ ಕಾರುವ ಕಾರೂ ಇದ್ದುವು. ಈ ಸೈನಿಕನಾಗಲಿ ಕಾರಾಗಲಿ ಒಳಗಿನ ಯಾವ ಆಟದಲ್ಲಿಯೂ ಬರಲಿಲ್ಲವೆಂಬುದು ಆಮೇಲೆ ತಿಳಿದ ಮಾತು.

ಬೆಲೆ 450 ರೂಪಾಯಿ. ಮೆಜೆಸ್ಟಿಕ್ಕಿನ ಹತ್ತಿರ ರಸ್ತೆಬದಿಯಲ್ಲಿ ಕೊಂಡದ್ದು. ಅಪ್ಪ ಬೆಲೆ ಕೇಳಿದವನೇ ‘ಇದ್ಕೆ ಎಷ್ಟ್ ಕಾಯಿ ಸುಲೀಬೇಕು ಗೊತ್ತೇನ್ಲಾ?’ ಎಂದ. ಅಣ್ಣ ತಲೆ ತಗ್ಗಿಸಿದ. ಅವ್ವ ಒಳಗಿನಿಂದಲೇ ‘ಹೋಗ್ಲಿ ಬುಡಿ, ಹಬ್ಬದ ದಿನ. ತಮ್ಮುಂಗೆ ಅಂತ ಆಸೆಯಿಂದ ತಂದವ್ನೆ’ ಎಂದಳು. ಅಲ್ಲಿಗೆ ಮಾತು ನಿಂತಿತು. ಅಪ್ಪ ಎರಡು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಬೀಡಿ ಹಚ್ಚಿಕೊಂಡು ಬಾಗಿಲಿನ ಹತ್ತಿರ ಕುಳಿತು, ಯಾರಿಗೂ ಅಲ್ಲವೆಂಬಂತೆ, ‘ಎಡಕ್ಕೆ, ಎಡಕ್ಕೆ’ ಎನ್ನತೊಡಗಿದ.

ಪೆಟ್ಟಿಗೆಯ ಹೊರ ಆಕಾರ ಯಾವುದೋ ದುಬಾರಿ ಯಂತ್ರದ್ದು, ಒಳಗಿನ ಹೂರಣ ಮತ್ತೊಂದರದು. ಹಿಂದೆ ಎರಡು ತಂತಿ, ಹಳದಿ ಮೂತಿಯದು ಚಿತ್ರಕ್ಕೆ, ಬಿಳಿ ಮೂತಿಯದು ಶಬ್ದಕ್ಕೆ. ಮುಂದೆ ಆಡುವವರ ಕೈಗೆ ಎರಡು ರಿಮೋಟು. ಜೊತೆಗೊಂದು ಪ್ಲಾಸ್ಟಿಕ್ ಬಂದೂಕು. ಮೇಲುಗಡೆಯ ಸೀಳಿನಲ್ಲಿ ಹಳದಿ ಬಣ್ಣದ ಕ್ಯಾಸೆಟ್ಟನ್ನು ಒತ್ತಿ ಕೂರಿಸಬೇಕು. ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎರಡನೆಯ ಕೈ ಕೊಂಡ ನಮ್ಮ ಹದಿನಾಲ್ಕು ಇಂಚಿನ ಟೀವಿಯಲ್ಲಿ ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಕಿತ್ತು, ಬಾಯಿಂದ ಊದಿ, ಮತ್ತೆ ಹಾಕುವುದು ಸಂಪ್ರದಾಯ. ಊದುವುದರಿಂದ ಏನೂ ಆಗುವುದಿಲ್ಲವೆಂದೂ, ಕಿತ್ತು ಮತ್ತೆ ಕೂರಿಸಿದ್ದರಿಂದಲೇ ತಾಮ್ರದ ಪಟ್ಟಿಗಳು ಸರಿಯಾಗಿ ತಾಗಿ ಆಟ ಬರುತ್ತಿತ್ತೆಂದೂ, ಉಸಿರಿನ ತೇವದಿಂದ ಆ ಪಟ್ಟಿಗಳು ಕಿಲುಬು ಹಿಡಿಯುತ್ತವೆಂದೂ ಈಗ ಓದಿ ತಿಳಿದುಕೊಂಡಿದ್ದೇನೆ. ಆಗ ಈ ಜ್ಞಾನ ನಮಗಿರಲಿಲ್ಲ. ನಮ್ಮ ಬೀದಿಯಲ್ಲಿ ಚೆನ್ನಾಗಿ ಊದಬಲ್ಲವನೆಂದು ಒಬ್ಬನಿಗೆ ವಿಶೇಷ ಮರ್ಯಾದೆಯೇ ಇತ್ತು.

9999 ಆಟಗಳ ವಿಷಯವನ್ನು ಸ್ವಲ್ಪ ಹೇಳಬೇಕು. ಒಂದು ಭಾನುವಾರ ನಾನೂ ನನ್ನ ಗೆಳೆಯನೂ ಕಾಪಿ ಪುಸ್ತಕ ಹಿಡಿದು ಅವನ್ನು ಎಣಿಸಲು ಕುಳಿತೆವು. ಮೂವತ್ತೋ ಮೂವತ್ತೆರಡೋ ಆಗುವ ಹೊತ್ತಿಗೆ ಮೊದಲಿನ ಆಟವೇ ಬೇರೆ ಹೆಸರು ಹೊತ್ತುಕೊಂಡು ಬಂತು. ಕೆಲವೆಡೆ ಅದೇ ಆಟ ಐದನೆಯ ಹಂತದಿಂದ ಮೊದಲಾಗುತ್ತಿತ್ತು. ಅದನ್ನೂ ಹೊಸ ಆಟವೆಂದೇ ಪಟ್ಟಿ ಹಿಡಿದಿದ್ದರು. ಜೀವನದಲ್ಲಿ ಜಾಹಿರಾತನ್ನು ಲೆಕ್ಕ ಹಾಕಿ ನೋಡಿದ್ದು ಅದೇ ಮೊದಲ ಸಲ. ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಲು ಅದೇ ಕಾರಣವೆಂದರೆ ಅತಿಶಯೋಕ್ತಿಯಾದೀತು; ಆದರೆ ಆ ಭಾನುವಾರದ ಕಾಪಿ ಪುಸ್ತಕವನ್ನು ನಾನಿನ್ನೂ ಮರೆತಿಲ್ಲ.

ಮೂವತ್ತೆರಡರಲ್ಲಿ ನಮ್ಮ ಮನೆಗೆ ಬೇಕಾದುದು ಒಂದೇ, ಟ್ಯಾಂಕ್ ಆಟ. ಅದರ ನಿಜವಾದ ಹೆಸರು ‘ಬ್ಯಾಟಲ್ ಸಿಟಿ’. ಜಪಾನಿನ ನಾಮ್ಕೊ ಕಂಪೆನಿಯವರು 1985ರಲ್ಲಿ ಹೊರತಂದುದು. ಪರದೆಯ ಕೆಳಗೆ ನಡುವೆ ಒಂದು ಹದ್ದು ಕುಳಿತಿರುತ್ತದೆ. ಶತ್ರುಗಳ ಇಪ್ಪತ್ತು ಟ್ಯಾಂಕುಗಳು ಮೇಲಿನಿಂದ ಬರುತ್ತವೆ. ಇಬ್ಬರೂ ಸೇರಿ ಹದ್ದನ್ನು ಕಾಯಬೇಕು. ಅಣ್ಣನದು ಹಳದಿ ಟ್ಯಾಂಕು, ನನ್ನದು ಹಸಿರು. ಇದರಲ್ಲಿ ಒಂದು ವಿಶೇಷವಿದೆ. ಜೊತೆಗಾರನಿಗೆ ನಿಮ್ಮ ಗುಂಡು ತಾಗಿದರೆ ಅವನು ಸಾಯುವುದಿಲ್ಲ. ಸ್ವಲ್ಪ ಹೊತ್ತು ಅಲುಗಾಡಲಾರದೆ ನಿಂತುಬಿಡುತ್ತಾನೆ. ಆದರೆ ಹದ್ದಿಗೆ ನಿಮ್ಮದೇ ಗುಂಡು ತಾಗಿದರೂ ಆಟ ಮುಗಿಯಿತು. ಅಣ್ಣನೊಡನೆ ಜಗಳವಾಡಿದ ದಿನ ನಾನು ಬೇಕೆಂದೇ ಹದ್ದಿಗೆ ಹೊಡೆದುಬಿಡುತ್ತಿದ್ದೆ. ‘ಮನೆಗೇ ಹೊಡೀತೀಯೇನ್ಲಾ ಪಾಪಿ!’ ಎಂದು ಅವನು ತಲೆಯ ಮೇಲೆ ಮೊಟಕುತ್ತಿದ್ದ. ಪರದೆಯ ಮೇಲೆ ‘ಗೇಮ್ ಓವರ್’ ಎಂದು ಬರುತ್ತಿತ್ತು. ಅವ್ವ ಓದಿದವಳಲ್ಲ; ಆದರೆ ಆ ಎರಡು ಇಂಗ್ಲಿಷ್ ಪದಗಳು ಅವಳ ಬಾಯಿಗೆ ಹತ್ತಿದುವು. ಡಬ್ಬಿಯಲ್ಲಿ ರಾಗಿ ಹಿಟ್ಟು ಮುಗಿದರೂ ‘ಗೇಮ್ ಓವರು’ ಎನ್ನುತ್ತಿದ್ದಳು, ಈಗಲೂ ಎನ್ನುತ್ತಾಳೆ.

ಆ ಆಟದಲ್ಲಿ ಮತ್ತೊಂದು ಸೌಕರ್ಯವಿತ್ತು. ನಮಗೆ ಬೇಕಾದಂತೆ ನಾವೇ ಮೈದಾನವನ್ನು ಕಟ್ಟಿಕೊಳ್ಳಬಹುದು. ಅಡ್ಡಕ್ಕೆ ಹದಿಮೂರು, ಉದ್ದಕ್ಕೆ ಹದಿಮೂರು ಮನೆ. ದೊಡ್ಡದೊಂದು ಚೌಕಾಬಾರದ ಹಾಸಿನಂತೆ. ಇಟ್ಟಿಗೆ, ಉಕ್ಕು, ನೀರು, ಗಿಡ, ಮಂಜುಗಡ್ಡೆ ಇವುಗಳಲ್ಲಿ ಯಾವುದನ್ನು ಬೇಕಾದರೂ ಯಾವ ಮನೆಗೆ ಬೇಕಾದರೂ ಇಡಬಹುದು. ಹದ್ದಿನ ಜಾಗವನ್ನು ಮಾತ್ರ ಬದಲಿಸುವಂತಿಲ್ಲ. ಆದುದರಿಂದ ಅದನ್ನೇ ನಮ್ಮ ಮನೆಯೆಂದು ಇಟ್ಟುಕೊಂಡು, ಸುತ್ತಲೂ ನಮ್ಮ ಊರನ್ನು ಕಟ್ಟಿದೆವು. ಎಡಗಡೆ ನೀರು ಇಟ್ಟು ಕೆರೆ ಮಾಡಿದೆವು. ನೀರಿನ ಮೇಲೆ ಟ್ಯಾಂಕು ಹೋಗದು, ಗುಂಡು ಹೋಗುತ್ತದೆ. ಕೆರೆಯ ಏರಿಗೆ ಒಂದು ಸಾಲು ಇಟ್ಟಿಗೆಯನ್ನು ಅಣ್ಣ ಇಟ್ಟ. ಗಿಡಗಳಿಂದ ತೆಂಗಿನ ತೋಟವಾಯಿತು. ಅದರೊಳಗೆ ಹೊಕ್ಕ ಟ್ಯಾಂಕು ಕಾಣಿಸುವುದಿಲ್ಲ, ಅಪ್ಪ ತೋಟಕ್ಕೆ ಹೋದರೆ ಕಾಣಿಸದಂತೆ. ನಮ್ಮ ಬೀದಿಯ ಮನೆಗಳಿಗೆಲ್ಲ ಇಟ್ಟಿಗೆ ಇಟ್ಟೆವು. ಊರ ಮುಂದಿನ ದೊಡ್ಡ ಮನೆಗೆ ಏನಿಡಬೇಕೆಂದು ನಾನು ಕೇಳಿದಾಗ ಅಣ್ಣ ಒಂದು ಕ್ಷಣ ಯೋಚಿಸಿ ಉಕ್ಕು ಇಟ್ಟ. ಇಟ್ಟಿಗೆ ಗುಂಡಿಗೆ ಒಡೆಯುತ್ತದೆ, ಉಕ್ಕು ಸಾಮಾನ್ಯ ಗುಂಡಿಗೆ ಒಡೆಯುವುದಿಲ್ಲ.

ಈ ಊರನ್ನು ಉಳಿಸಿಕೊಳ್ಳುವ ಉಪಾಯವಿರಲಿಲ್ಲ. ಆಟವನ್ನು ನೆನಪಿಟ್ಟುಕೊಳ್ಳುವ ಶಕ್ತಿ ಆ ಕ್ಯಾಸೆಟ್ಟಿಗೆ ಇಲ್ಲ. ಕರೆಂಟು ಹೋದರೆ ಊರೂ ಹೋಯಿತು. ನಮ್ಮ ಹಳ್ಳಿಯಲ್ಲಿ ಕರೆಂಟು ಹೇಗೆ ಹೋಗುತ್ತಿತ್ತೆಂಬುದನ್ನು ಹಳ್ಳಿಯಿಂದ ಬಂದ ವಾಚಕರಿಗೆ ವಿವರಿಸಬೇಕಾಗಿಲ್ಲ. ಅಣ್ಣ ರಜಕ್ಕೆ ಬಂದಾಗಲೆಲ್ಲ ನಾವು ಮೊದಲಿನಿಂದ ಕಟ್ಟುತ್ತಿದ್ದೆವು: ಕೆರೆ, ಏರಿ, ತೋಟ, ಬೀದಿ. ಹದಿನೈದು ನಿಮಿಷದ ಕೆಲಸ. ಒಮ್ಮೊಮ್ಮೆ ಕಟ್ಟಿ ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುತ್ತಿತ್ತು.

ಇನ್ನು, ಆ ಹೂರಣ ಯಾರದು ಎಂಬ ಪ್ರಶ್ನೆ. ಇದನ್ನು ನಾನು ಕಾಲೇಜಿಗೆ ಬಂದ ಮೇಲೆ, ಕುತೂಹಲದಿಂದ ಹುಡುಕಿ ಓದಿದೆ. 1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಕಂಪೆನಿಯವರು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಮಾರಾಟಕ್ಕಿಟ್ಟರು. ಜನ ಅದನ್ನು ‘ಫ್ಯಾಮಿಕಾಮ್’ ಎಂದು ಕಿರಿದುಮಾಡಿಕೊಂಡರು. ಅದರ ರಚನೆಯ ಮುಂದಾಳು ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರು, 2021ರಲ್ಲಿ ತೀರಿಕೊಂಡರು. ಅದರ ಮೆದುಳು 1975ರಲ್ಲಿ ಅಮೆರಿಕದಲ್ಲಿ ಕೇವಲ 25 ಡಾಲರಿಗೆ ಮಾರಾಟವಾದ 6502 ಎಂಬ ಮೈಕ್ರೊಪ್ರೊಸೆಸರಿನ ವಂಶದ್ದು. ಕೆಲಸ ಮಾಡುವಾಗ ಬಳಸಿಕೊಳ್ಳಲು ಅದಕ್ಕಿದ್ದ ಸ್ಮೃತಿ 2048 ಬೈಟ್. ತಾವು ಓದುತ್ತಿರುವ ಈ ಸಂಚಿಕೆಯ ಒಂದು ಪುಟದ ಕನ್ನಡ ಅಕ್ಷರಗಳೂ ಅದರಲ್ಲಿ ಹಿಡಿಯಲಾರವು. ಪರದೆಯ ಒಂದೇ ಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ಅದು ತೋರಿಸಲಾರದು. ಅದಕ್ಕಿಂತ ಹೆಚ್ಚಾದರೆ ಕೆಲವು ಮಿಣುಕುತ್ತವೆ, ಕೆಲವು ಮಾಯವಾಗುತ್ತವೆ. ಇದನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ನಕ್ಕೆ. ಮಿಣುಕುವುದು ನಮ್ಮ ಟೀವಿಯ ದೋಷವೆಂದು ತಿಳಿದು ನಾವು ಅದರ ತಲೆಯ ಮೇಲೆ ಎಷ್ಟೋ ಬಾರಿ ಗುದ್ದಿದ್ದೆವು! ಬಡವರ ಟೀವಿಗೆ ಸುಮ್ಮನೆ ಪೆಟ್ಟು ಬಿದ್ದಿತ್ತು. ಕ್ಯೋಟೋದಲ್ಲಿ ಹುಟ್ಟಿದ ಅಸಲು ಯಂತ್ರದಲ್ಲಿಯೂ ಆ ಮಿಣುಕು ಇತ್ತು.

ಕ್ಯಾಸೆಟ್ಟಿನ ಮೂಲ ಇನ್ನೂ ಹಿಂದಿನದು. 1972ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಮನೆಯಾಟದ ಯಂತ್ರ ‘ಒಡಿಸ್ಸಿ’ಯಲ್ಲಿ ಮೈಕ್ರೊಪ್ರೊಸೆಸರೇ ಇರಲಿಲ್ಲ. ಬಣ್ಣದ ಪಾರದರ್ಶಕ ಹಾಳೆಗಳನ್ನು ಟೀವಿಯ ಗಾಜಿಗೆ ಅಂಟಿಸಿಕೊಂಡು ಆಡಬೇಕಾಗಿತ್ತು. ಆಟವನ್ನೇ ಒಂದು ಚಿಪ್ಪಿನಲ್ಲಿ ತುಂಬಿ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಕ್ಯಾಸೆಟ್ಟು ಮನೆಗಳಿಗೆ ಬಂದುದು 1976ರ ‘ಚಾನಲ್ ಎಫ್’ ಎಂಬ ಯಂತ್ರದೊಡನೆ. ಫೇರ್‌ಚೈಲ್ಡ್ ಕಂಪೆನಿಯಲ್ಲಿ ಅದನ್ನು ರೂಪಿಸಿದ ತಂಡದ ನಾಯಕ ಜೆರ್ರಿ ಲಾಸನ್. ಕರಿಯ ಜನಾಂಗದವರು, ಬಂದರಿನಲ್ಲಿ ದುಡಿಯುತ್ತಿದ್ದ ತಂದೆಯ ಮಗ. ಮಕ್ಕಳು ನೂರಾರು ಸಲ ಕಿತ್ತು ಹಾಕಿದರೂ ಕೆಡದಂತೆ ಅದನ್ನು ಮಾಡುವುದೇ ಅವರ ಮುಂದಿದ್ದ ದೊಡ್ಡ ಸಮಸ್ಯೆ. ಮರುವರ್ಷ ಬಂದ ಅಟಾರಿ ಯಂತ್ರದ ಅಬ್ಬರದಲ್ಲಿ ಚಾನಲ್ ಎಫ್ ಹಿಂದೆ ಬಿತ್ತು; ಲಾಸನ್ನರ ಹೆಸರೂ ಮರೆಯಾಯಿತು. 2011ರ ಮಾರ್ಚಿನಲ್ಲಿ ಆಟಗಳ ತಯಾರಕರ ಸಂಘದವರು ಅವರನ್ನು ಕರೆದು ಗೌರವಿಸಿದರು. ಮರುತಿಂಗಳು ಅವರು ತೀರಿಕೊಂಡರು. ನಾವು ಊದಿ ಊದಿ ಕಿಲುಬು ಹಿಡಿಸಿದ ಆ ಹಳದಿ ತುಂಡಿನ ಹಿಂದೆ ಇಂತಹ ಒಬ್ಬರಿದ್ದರೆಂದು ನಮಗೆ ಯಾರು ಹೇಳಬೇಕಾಗಿತ್ತು?

ಫ್ಯಾಮಿಕಾಮಿನ ನಕಲುಗಳು ತೈವಾನಿನಲ್ಲಿ, ಆಮೇಲೆ ಚೀಣಾದಲ್ಲಿ ತಯಾರಾಗಿ ಲೋಕದ ಅರ್ಧಭಾಗಕ್ಕೆ ಹಬ್ಬಿದುವು. ಅಸಲು ಯಂತ್ರ ಹೋಗದ, ಹೋದರೂ ಜನ ಕೊಳ್ಳಲಾರದ ಕಡೆಗೆಲ್ಲ ನಕಲು ಹೋಯಿತು. ರಷ್ಯದಲ್ಲಿ 1992ರಿಂದ ಅದನ್ನು ‘ಡೆಂಡಿ’ ಎಂದು ಮಾರಿದರು. ಪೋಲೆಂಡಿನಲ್ಲಿ ಅದು ‘ಪೆಗಾಸಸ್’. ಅಲ್ಲಿಯ ಜನ ಆ ಹೆಸರುಗಳನ್ನು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ನಮ್ಮ ದೇಶದಲ್ಲಿ 1990ರ ದಶಕದ ಪಟ್ಟಣದ ಮಕ್ಕಳಿಗೆ ‘ಲಿಟಲ್ ಮಾಸ್ಟರ್’ ಮುಂತಾದ ಹೆಸರುಗಳು ಗೊತ್ತು. ಹಳ್ಳಿಗೆ ಬರುವ ಹೊತ್ತಿಗೆ ಹೆಸರೂ ಕಳಚಿಹೋಗಿತ್ತು. ನಿಂಟೆಂಡೊ ತನ್ನ ಅಸಲು ಫ್ಯಾಮಿಕಾಮಿನ ತಯಾರಿಕೆಯನ್ನು ನಿಲ್ಲಿಸಿದುದು 2003ರಲ್ಲಿ. ನಾನು ಹುಟ್ಟಿದುದು 2005ರಲ್ಲಿ. ಎಂದರೆ, ಜಪಾನಿನ ಮಕ್ಕಳು ಆಡಿ ಬಿಟ್ಟು, ಬೆಳೆದು, ಮಕ್ಕಳೊಂದಿಗರಾದ ಮೇಲೆ, ಅಸಲು ಯಂತ್ರ ಸತ್ತು ಹನ್ನೊಂದು ವರ್ಷವಾದ ಮೇಲೆ, ಅದು ನಮ್ಮ ಮನೆಯಲ್ಲಿ ಹೊಸದಾಗಿ ಹುಟ್ಟಿತು. ಚರಿತ್ರೆಯ ಪುಸ್ತಕಗಳಲ್ಲಿ ಯಂತ್ರಗಳಿಗೆ ಹುಟ್ಟಿದ ವರ್ಷ, ಸತ್ತ ವರ್ಷ ಕೊಟ್ಟಿರುತ್ತಾರಲ್ಲ, ಅವು ಯಾರ ಮನೆಯ ಲೆಕ್ಕ?

ಒಂದು ದಿನ ನಮ್ಮ ಪೆಟ್ಟಿಗೆ ಕೆಟ್ಟಿತು. ಅಣ್ಣ ಅದನ್ನು ಪೇಟೆಯ ರೇಡಿಯೋ ರಿಪೇರಿಯವರ ಬಳಿಗೆ ಒಯ್ದ, ನಾನೂ ಹೋಗಿದ್ದೆ. ಅವರು ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದರು. ಅಷ್ಟು ದೊಡ್ಡ ಪೆಟ್ಟಿಗೆಯ ಒಳಗೆ ಅಂಗೈಯಗಲದ ಒಂದು ಹಲಗೆ. ಅದರ ನಡುವೆ ಡಾಂಬರಿನ ಹನಿ ಬಿದ್ದು ಗಟ್ಟಿಯಾದಂತೆ ಒಂದು ಕಪ್ಪು ಉಂಡೆ. ಉಳಿದುದೆಲ್ಲ ಬಯಲು. ‘ಇಷ್ಟೇನಾ ಸಾರ್?’ ಎಂದೆ. ‘ಇಷ್ಟೇ ಕಣಪ್ಪ. ಎಲ್ಲಾ ಆ ಕಪ್ಪಿನೊಳಗೆ ಐತೆ. ಅದನ್ನ ಬಿಚ್ಚಕ್ಕಾಗಲ್ಲ’ ಎಂದರು. ಒಂದು ತಂತಿ ಬಿಟ್ಟಿತ್ತು. ಬೆಸುಗೆ ಹಾಕಿ, ಇಪ್ಪತ್ತು ರೂಪಾಯಿ ತೆಗೆದುಕೊಂಡರು. ಫ್ಯಾಮಿಕಾಮಿನಲ್ಲಿ ಬಿಡಿಬಿಡಿಯಾಗಿದ್ದ ಮುಖ್ಯ ಚಿಪ್ಪುಗಳ ಕೆಲಸವನ್ನೆಲ್ಲ ಒಂದೇ ಚಿಪ್ಪಿಗೆ ಇಳಿಸಿ, ಅದರ ಮೇಲೆ ಎಪಾಕ್ಸಿ ಅಂಟು ಸುರಿದಿರುತ್ತಾರೆ. ಹೀಗೆ ಮಾಡಿದರೆ ಅಗ್ಗ. ಜೊತೆಗೆ ಚಿಪ್ಪನ್ನು ಮಾಡಿದವರ ಹೆಸರೂ ಸಂಖ್ಯೆಯೂ ಕಾಣಿಸುವುದಿಲ್ಲ.

ಇಲ್ಲಿ ನನ್ನ ವಾದಕ್ಕೆ ಬರುವ ಮುಖ್ಯ ಆಕ್ಷೇಪಣೆಯನ್ನು ಮರೆಮಾಚಬಾರದು. ನಕಲು ಮಾಡುವುದು ಕಳ್ಳತನವಲ್ಲವೇ? ಕಳ್ಳಮಾಲನ್ನು ಹೊಗಳಬಹುದೇ? ಯಂತ್ರದ ಮಟ್ಟಿಗೆ ಉತ್ತರ ಸುಲಭ. ಪೇಟೆಂಟಿನ ಆಯುಸ್ಸು ಸಾಮಾನ್ಯವಾಗಿ 20 ವರ್ಷ. ನಮ್ಮದು 2014ರಲ್ಲಿ ಬಂದುದು. ಆಟಗಳ ಮಟ್ಟಿಗೆ ಅಷ್ಟು ಸುಲಭವಲ್ಲ. ಕೃತಿಸ್ವಾಮ್ಯ ಬಹುಕಾಲ ಬಾಳುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯೂ ಈಗ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯೆಂದೇ ಎಣಿಸುತ್ತದೆ. ಆ ಹಳದಿ ಕ್ಯಾಸೆಟ್ಟಿನ ಒಂದೊಂದು ಆಟವನ್ನೂ ಯಾರೋ ರಾತ್ರಿ ಹಗಲು ಕುಳಿತು ಬರೆದಿದ್ದರು. ಅವರಿಗೆ ನಮ್ಮ 450 ರೂಪಾಯಿಯಲ್ಲಿ ಒಂದು ಪೈಸೆಯೂ ಮುಟ್ಟಲಿಲ್ಲ. ಎಷ್ಟೋ ಆಟಗಳ ಮೊದಲ ಪುಟದಿಂದ ಕಂಪೆನಿಯ ಹೆಸರನ್ನೂ ವರ್ಷವನ್ನೂ ಅಳಿಸಿದ್ದರು. ಇದು ಅನ್ಯಾಯವೆಂಬುದನ್ನು ನಾನು ಒಪ್ಪುತ್ತೇನೆ. ಅಪ್ಪ ಸುಲಿದ ಕಾಯಿಯ ಲೆಕ್ಕದಲ್ಲಿ ನೂರು ಕಡಿಮೆ ಬರೆದರೆ ನಮ್ಮ ಮನೆಯಲ್ಲಿ ಏನಾಗುತ್ತದೆಂಬುದನ್ನು ಬಲ್ಲವನು ಇದನ್ನು ಒಪ್ಪದಿರುವುದು ಹೇಗೆ?

ಆದರೆ ತಯಾರಿಸಿದವರ ತಪ್ಪು ಒಂದು, ಆಡಿದವರ ಬದುಕು ಇನ್ನೊಂದು. ನಾನು ಕೇಳುತ್ತಿರುವುದು ನಕಲು ಮಾಡಿದವರಿಗೆ ಸನ್ಮಾನವಲ್ಲ. ಪೀಣ್ಯದಲ್ಲಿ ದುಡಿದ ಹುಡುಗನೊಬ್ಬ ತನ್ನ ಸಂಬಳದಲ್ಲಿ ತಮ್ಮನಿಗೆಂದು ಏನು ಕೊಂಡ, ಅದರಲ್ಲಿ ಅವರು ಏನು ಆಡಿದರು, ಏನು ಕಟ್ಟಿದರು ಎಂಬುದನ್ನು ‘ಡೂಪ್ಲಿಕೇಟ್’ ಎಂಬ ಒಂದು ಮಾತಿನಿಂದ ಅಳಿಸಬಾರದು ಎಂಬುದಷ್ಟೆ. ಪೆಟ್ಟಿಗೆ ನಕಲಿಯಾಗಿರಬಹುದು, ಅಣ್ಣನ ಸಂಬಳ ನಕಲಿಯಾಗಿರಲಿಲ್ಲ.

ಇನ್ನೊಂದು ಆಕ್ಷೇಪಣೆ ನಮ್ಮ ಅಧ್ಯಾಪಕರದು: ಆಟದಿಂದ ಹುಡುಗರು ಕೆಡುತ್ತಾರೆಂಬುದು. ಐದನೆಯ ತರಗತಿಯಲ್ಲಿ ನನ್ನ ಅಂಕಗಳು ಇಳಿದುದು ನಿಜ. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಬಂದೂಕಿನ ಮಾತನ್ನು ಅರ್ಧಕ್ಕೇ ಬಿಟ್ಟಿದ್ದೆ. ಬಾತುಕೋಳಿಗಳನ್ನು ಹೊಡೆಯುವ ಆಟಕ್ಕೆ ಅದು ಬೇಕು. ನಿಜವಾಗಿ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದರ ಮೂತಿಯಲ್ಲಿ ಬೆಳಕನ್ನು ಕಾಣುವ ಒಂದು ಕಣ್ಣಿದೆ. ಕುದುರೆ ಎಳೆದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿ ಇದ್ದೆಡೆ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಮೊದಲು ಕತ್ತಲೆ, ಕೂಡಲೆ ಬೆಳಕು ಎಂಬುದನ್ನು ಆ ಕಣ್ಣು ಕಂಡರೆ ಏಟು ತಗುಲಿತೆಂದು ಲೆಕ್ಕ. ನಾವು ಉರಿಯುವ ಬಲ್ಬಿನ ಕಡೆ ಗುರಿಯಿಟ್ಟು ಮೋಸಮಾಡಲು ನೋಡಿದ್ದುಂಟು. ಫಲಿಸಲಿಲ್ಲ, ಬಲ್ಬು ನಡುವೆ ಕಪ್ಪಾಗುವುದಿಲ್ಲವಷ್ಟೆ. 2018ರಲ್ಲಿ ನಮ್ಮ ಹಳೆಯ ಟೀವಿ ಹೋಗಿ ಚಪ್ಪಟೆ ಟೀವಿ ಬಂತು. ಅಂದಿನಿಂದ ಒಂದು ಹಕ್ಕಿಯೂ ಬೀಳಲಿಲ್ಲ. ಬಂದೂಕು ಕೆಟ್ಟಿತೆಂದು ಅದನ್ನು ಎಸೆದೆವು. ಅದು ಕೆಟ್ಟಿರಲಿಲ್ಲ. ಹಳೆಯ ಕೊಳವೆಯ ಟೀವಿ ಬೆಳಗುವ ರೀತಿಗೂ ವೇಗಕ್ಕೂ ಹೊಂದಿಸಿ ಅದನ್ನು ಮಾಡಿದ್ದರು. ಹೊಸ ಟೀವಿ ಚಿತ್ರ ತೋರಿಸಲು ಸ್ವಲ್ಪ ತಡಮಾಡುತ್ತದೆ, ಅಷ್ಟರಲ್ಲಿ ಯಂತ್ರ ಉತ್ತರ ಕೇಳಿ ಮುಗಿಸಿರುತ್ತದೆ.

ಮರುವರ್ಷ ಪೆಟ್ಟಿಗೆಯೂ ಹೋಯಿತು. ಹಳೆಯ ಪ್ಲಾಸ್ಟಿಕ್ಕಿಗೆ ಬೆಳ್ಳುಳ್ಳಿ ಕೊಡುವ ಗುಜರಿಯವನು ಬಂದಾಗ ಅವ್ವ ಒಡೆದ ಬಕೆಟ್ಟು, ಹಳೆಯ ಚಪ್ಪಲಿಗಳ ಜೊತೆಗೆ ಅದನ್ನೂ ತೂಕಕ್ಕೆ ಹಾಕಿದಳು. ಅವಳನ್ನು ದೂರಲಾಗದು. ಅನುಕೂಲಸ್ಥರ ಮನೆಯಲ್ಲಿ ಹಳೆಯ ಸಾಮಾನು ಅಟ್ಟ ಸೇರುತ್ತದೆ, ಅಲ್ಲಿಂದ ಮ್ಯೂಸಿಯಮ್ಮನ್ನೂ ಸೇರೀತು. ನಮ್ಮ ಮನೆಗಳಲ್ಲಿ ಅಟ್ಟವಿಲ್ಲ, ಹಳೆಯದು ಬೆಳ್ಳುಳ್ಳಿಯಾಗುತ್ತದೆ. ಆದುದರಿಂದಲೇ ನಮ್ಮ ಚರಿತ್ರೆಗೆ ಸಾಕ್ಷ್ಯ ಕಡಿಮೆ. ನಮ್ಮ ಇತಿಹಾಸ ವಿಭಾಗದವರು ಪ್ರತಿ ವರ್ಷ ಕ್ಷೇತ್ರಕಾರ್ಯಕ್ಕೆ ಹೋಗಿ ವೀರಗಲ್ಲುಗಳನ್ನೂ ಮಾಸ್ತಿಗಲ್ಲುಗಳನ್ನೂ ಗುರುತಿಸಿ ಬರುತ್ತಾರೆ. ಅದು ಬೇಡವೆನ್ನುವ ಅಧಿಕಪ್ರಸಂಗ ನನ್ನದಲ್ಲ. ಕಲ್ಲು ಇನ್ನೂ ನೂರು ವರ್ಷ ಇದ್ದೀತು. ಈ ಪ್ಲಾಸ್ಟಿಕ್ಕು ಇರದು, ಇದನ್ನು ಬಲ್ಲವರ ನೆನಪೂ ಇರದು. ಆ ಊರುಗಳಲ್ಲಿಯೇ, ಅದೇ ಪ್ರವಾಸದಲ್ಲಿಯೇ, ಮನೆಗೆ ಮೊದಲು ಬಂದ ರೇಡಿಯೋ ಯಾವುದು, ಟೀವಿ ಯಾವುದು, ಇಂತಹ ಪೆಟ್ಟಿಗೆ ಇತ್ತೇ, ಯಾರ ದುಡ್ಡಿನಲ್ಲಿ ಬಂತು, ಎಲ್ಲಿಗೆ ಹೋಯಿತು ಎಂದು ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡರೆ ಏನು ನಷ್ಟ? ವಿಭಾಗದ ಕೊಠಡಿಯಲ್ಲಿ ನಾಣ್ಯಗಳ ಕಪಾಟಿನ ಕೆಳಗಿನ ಅರೆ ಖಾಲಿಯಿದೆ. ಅಲ್ಲೊಂದು ಹಳೆಯ ಕೊಳವೆಯ ಟೀವಿಗೂ ಒಂದು ಪೆಟ್ಟಿಗೆಗೂ ಸ್ಥಳ ಸಾಕು. ಕಾಲೇಜಿನ ಉಗ್ರಾಣದಲ್ಲಿ ಅಂತಹ ಟೀವಿಯೊಂದು ಧೂಳು ಹಿಡಿದು ಕುಳಿತಿರುವುದನ್ನು ನಾನೇ ಕಂಡಿದ್ದೇನೆ. ಅದನ್ನು ಹರಾಜಿಗೆ ಹಾಕುವ ಮೊದಲು ಮಾನ್ಯ ಪ್ರಿನ್ಸಿಪಾಲರು ಈ ಬಡ ವಿದ್ಯಾರ್ಥಿಯ ವಿನಂತಿಯನ್ನು ಒಮ್ಮೆ ನೆನೆಯಬೇಕಾಗಿ ಪ್ರಾರ್ಥನೆ.

ನನ್ನ ಪಾಲಿನ ಕಾಣಿಕೆಯೂ ಸಿದ್ಧವಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವನ ಟ್ರಂಕಿನಲ್ಲಿ, ನಮ್ಮಿಬ್ಬರ ಜನನ ಪತ್ರಗಳ ಕೆಳಗೆ, ಆ ಹಳದಿ ಕ್ಯಾಸೆಟ್ಟು ಸಿಕ್ಕಿತು. ಅದೊಂದನ್ನು ಅವಳು ತೂಕಕ್ಕೆ ಹಾಕಿರಲಿಲ್ಲ. ಏಕೆಂದು ಕೇಳಿದರೆ ‘ಅದು ನಿಮ್ಮಣ್ಣ ತಂದಿದ್ದಲ್ವಾ’ ಎಂದಳು. ಪೆಟ್ಟಿಗೆಯನ್ನೂ ಅವನೇ ತಂದುದಲ್ಲವೇ ಎಂದು ನಾನು ಮರುಪ್ರಶ್ನೆ ಹಾಕಲಿಲ್ಲ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನೀಗ ಬೆಂಗಳೂರಿನಲ್ಲಿ ಸರಕು ಆಟೋ ಓಡಿಸುತ್ತಾನೆ. ನನ್ನ ಪರೀಕ್ಷಾ ಶುಲ್ಕ ಕಟ್ಟುವವನು ಅವನೇ. ಕ್ಯಾಂಟೀನಿನಲ್ಲಿ ಸುಳ್ಳು ಹೇಳಿದ ಭಾಗವನ್ನು ಓದುವಾಗ ನನ್ನ ನಾಲಗೆ ತೊದಲಿತು. ಅವನು ಏನೂ ಅನ್ನಲಿಲ್ಲ. ಉಯೆಮುರಾ, ಲಾಸನ್ ಎಲ್ಲರನ್ನೂ ಸುಮ್ಮನೆ ಕೇಳಿಸಿಕೊಂಡ. ಕೊನೆಗೆ ಒಂದೇ ತಿದ್ದುಪಡಿ ಹೇಳಿದ. ಕೆರೆ ಏರಿಗೆ ಇಟ್ಟಿಗೆ ಇಟ್ಟವನು ನಾನೆಂದು ಮೊದಲು ಬರೆದುಬಿಟ್ಟಿದ್ದೆ. ‘ಏರಿ ಕಟ್ಟಿದ್ದು ನಾನು ಕಣ್ಲಾ. ನೀನು ಬರೀ ನೀರು ಹಾಕ್ದೆ. ಸರಿಯಾಗಿ ಬರಿ’ ಎಂದ. ತಿದ್ದಿದ್ದೇನೆ.